ಮಗ್ಗದ ಮನೆಯ ಟ್ರೆಡ್‌ಮಿಲ್: ಡ್ರೈವ್ ಬೆಲ್ಟ್ ಸವೆದದ್ದು ಯಾಕೆ?

ಇದು ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿಯ ಒಂದು ಮನೆಯ ಪ್ರಕರಣ. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಓಣಿ, ಮಷೀನಿನ ಕಂಪನಿ ಯಾವುದನ್ನೂ ಹೇಳುವುದಿಲ್ಲ. ನಾನು ಈ ಭಾಗದಲ್ಲಿ ವಾಷಿಂಗ್ ಮಷೀನ್, ಇನ್ವರ್ಟರ್, ಇತ್ತೀಚೆಗೆ ಟ್ರೆಡ್‌ಮಿಲ್ ರಿಪೇರಿ ಮಾಡುವವನು. ಡ್ರೈವ್ ಬೆಲ್ಟ್, ಅಂದರೆ ಮೋಟರಿನ ಓಟವನ್ನು ರೋಲರಿಗೆ ಮುಟ್ಟಿಸುವ ಚಿಕ್ಕ ಬೆಲ್ಟ್, ಬದಲಿಸುವುದು ದೊಡ್ಡ ಕೆಲಸವೇನಲ್ಲ. ಈ ಮನೆಯಲ್ಲಿ ಅದು ಇಷ್ಟು ಉದ್ದ ಯಾಕಾಯಿತು ಅನ್ನುವುದೇ ಬರೆಯುವಂಥ ವಿಷಯ.

ಮನೆ, ಮಷೀನು

ಮನೆಯ ಮುಂಭಾಗದಲ್ಲಿ ವಿದ್ಯುತ್ ಮಗ್ಗಗಳು, ಹಿಂಭಾಗದಲ್ಲಿ ಸಂಸಾರ. ಸೀರೆ ನೇಯ್ಗೆ. ಮಾಲಕರಿಗೆ ಐವತ್ತು ದಾಟಿದೆ, ತೂಕ 90 ಕೆಜಿ ಮೇಲೆ. ಶುಗರ್ ಬಂದ ಮೇಲೆ ಡಾಕ್ಟರು ದಿನಾ ಅರ್ಧ ತಾಸು ನಡೆಯಿರಿ ಅಂದಿದ್ದರು. ಬೆಳಿಗ್ಗೆ ಮಗ್ಗ ಶುರು ಮಾಡಬೇಕು, ಸಂಜೆ ವ್ಯಾಪಾರಿಗಳ ಫೋನು, ಬೇಸಿಗೆಯಲ್ಲಿ ಹೊರಗೆ ಕಾಲಿಡುವ ಹಾಗಿಲ್ಲ. ಪುಣೆಯಲ್ಲಿರುವ ಸಂಬಂಧಿಕರು ಮನೆ ಬದಲಿಸುವಾಗ ತಮ್ಮ ಟ್ರೆಡ್‌ಮಿಲ್ ಕಳಿಸಿಕೊಟ್ಟರು. ಡಿಸಿ ಮೋಟರಿನ ಸಾಧಾರಣ ಮನೆ ಮಾದರಿ. ಜೊತೆಗೆ ಪುಸ್ತಕ ಇರಲಿಲ್ಲ.

ಅದನ್ನು ಎಲ್ಲಿಟ್ಟರು ಅನ್ನುವುದು ಮುಂದೆ ಮುಖ್ಯವಾಗುತ್ತದೆ. ದೊಡ್ಡ ಪ್ಲಗ್ ಇದ್ದದ್ದು ಮಗ್ಗದ ಶೆಡ್ಡಿಗೂ ಒಳಮನೆಗೂ ನಡುವಿನ ಪಡಸಾಲೆಯಲ್ಲಿ. ಅಲ್ಲೇ ಇಟ್ಟರು. ಶೆಡ್ಡಿನ ಬಾಗಿಲು ಹಗಲೆಲ್ಲ ತೆರೆದೇ ಇರುತ್ತದೆ.

ತೊಂದರೆ

ಒಂದು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಮಾಲಕರು ಹೆಜ್ಜೆ ಇಟ್ಟಾಗಲೆಲ್ಲ ಬೆಲ್ಟು ಒಂದು ಕ್ಷಣ ನಿಂತು ಮತ್ತೆ ಓಡುತ್ತಿತ್ತು. ನಿಧಾನ ನಡೆದರೆ ಜಾಸ್ತಿ, ಜೋರು ನಡೆದರೆ ಕಡಿಮೆ. ಶುರು ಮಾಡುವಾಗ ಕೀರಲು ಸದ್ದು, ಸ್ವಲ್ಪ ಹೊತ್ತಿಗೆ ರಬ್ಬರ್ ಸುಟ್ಟ ವಾಸನೆ. ಅವರ ಹೆಂಡತಿ ನಡೆದರೆ ಮಾತ್ರ ಏನೂ ಇಲ್ಲ.

ಈ ಕೊನೆಯ ಮಾತನ್ನು ಮನೆಯಲ್ಲಿ ಎಲ್ಲರೂ ತಮಾಷೆ ಮಾಡಿಬಿಟ್ಟಿದ್ದರು. 'ಮಷೀನಿಗೂ ಗೊತ್ತೈತಿ ಮನ್ಯಾಗ ಯಾರ ಮಾತು ನಡೀತೈತಿ ಅಂತ' ಎಂದು ಮಗ ನಗುತ್ತಿದ್ದ. ನನಗೆ ಇಡೀ ಪ್ರಕರಣದಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬಂದ ಸುಳಿವು ಅದೇ.

ನನ್ನನ್ನು ಕರೆಯುವ ಮುಂಚೆ

ಮಾಲಕರು ಕೈ ಕಟ್ಟಿ ಕೂರುವವರಲ್ಲ. ಮಗ್ಗ ಬಿಚ್ಚಿ ಜೋಡಿಸಿ ಬೆಳೆದವರು. ಮೊದಲು ಮಷೀನಿನ ಹಿಂದಿರುವ ಎರಡು ಅಲೆನ್ ಬೋಲ್ಟ್ ತಿರುಗಿಸಿ ನಡೆಯುವ ಬೆಲ್ಟನ್ನು ಬಿಗಿ ಮಾಡಿದರು. ಕಣ್ಣಿಗೆ ಕಾಣುವ ಬೋಲ್ಟು ಅವೆರಡೇ, ಹಾಗಾಗಿ ಎಲ್ಲರೂ ಮೊದಲು ಕೈ ಹಾಕುವುದು ಅಲ್ಲಿಗೇ. ಜಾರುವುದು ಸ್ವಲ್ಪ ಕಡಿಮೆಯಾದಂತೆ ಕಂಡಿತು, ಮತ್ತೆ ಶುರುವಾಯಿತು, ಮತ್ತೆ ಬಿಗಿ ಮಾಡಿದರು.

ಆಮೇಲೆ ಮುಂದಿನ ಮುಚ್ಚಳ ಬಿಚ್ಚಿದರು. ಒಳಗೆ ಮೋಟರಿನಿಂದ ಮುಂದಿನ ರೋಲರಿಗೆ ಹೋಗುವ ಚಿಕ್ಕ ಬೆಲ್ಟ್ ಕಂಡಿತು. ಅದೇ ಡ್ರೈವ್ ಬೆಲ್ಟ್. ಸುತ್ತಲೂ ಕಪ್ಪು ಪುಡಿ. ಬೆಲ್ಟ್ ಜಾರಿದರೆ ಮಗ್ಗದವರು ಏನು ಮಾಡುತ್ತಾರೆ? ಪೇಸ್ಟ್ ಹಚ್ಚುತ್ತಾರೆ. ಹಳೆ ಮಗ್ಗಗಳ ಚಪ್ಪಟೆ ಬೆಲ್ಟಿಗೆ ಹಚ್ಚುವ ಅಂಟು ಪೇಸ್ಟಿನ ಡಬ್ಬಿ ಮನೆಯಲ್ಲೇ ಇತ್ತು. ಹಚ್ಚಿದರು. ಒಂದು ವಾರ ಮಷೀನು ಬೆಣ್ಣೆಯಂತೆ ಓಡಿತು ಅಂತ ಅವರೇ ಹೇಳಿದರು.

ಚಪ್ಪಟೆ ಬೆಲ್ಟಿನಲ್ಲಿ ಆ ಪೇಸ್ಟ್ ಸರಿಯೇ. ಟ್ರೆಡ್‌ಮಿಲ್ಲಿನದು ಬೇರೆ ಜಾತಿ. ಒಳಮೈಯಲ್ಲಿ ಉದ್ದಕ್ಕೂ ಸಣ್ಣ ಏಣುಗಳಿರುತ್ತವೆ. ಪುಲ್ಲಿಯ ಗೀರುಗಳಲ್ಲಿ ಆ ಏಣುಗಳ ಎರಡು ಪಕ್ಕೆ ಕೂತು ಹಿಡಿಯಬೇಕು. ಗೀರಿನೊಳಗೆ ಅಂಟು ತುಂಬಿದರೆ ಏಣು ಮೇಲೆದ್ದು ನಿಲ್ಲುತ್ತದೆ, ಹಿಡಿತ ಹೋಗುತ್ತದೆ. ಅಂಟಿಗೆ ದೂಳು ಮೆತ್ತುತ್ತದೆ. ರಬ್ಬರೂ ಮೆತ್ತಗಾಗುತ್ತದೆ. ಇಲ್ಲಿ ಮೂರೂ ಆಗಿತ್ತು.

ಮೂರನೆಯದು ಹೊಸ ಬೆಲ್ಟ್. ಹತ್ತಿರದ ಊರಿನ ಆಟೋ ಬಿಡಿಭಾಗದ ಅಂಗಡಿಗೆ ಹಳೆ ಬೆಲ್ಟ್ ಒಯ್ದು ತೋರಿಸಿದರು. ಅಂಗಡಿಯವರು ಅಗಲ ಅಳೆದು, ಉದ್ದಕ್ಕೆ ಹೆಚ್ಚುಕಡಿಮೆ ಹೊಂದುವ ಕಾರಿನ ಬೆಲ್ಟ್ ಕೊಟ್ಟರು. ಅವರದು ತೀರಾ ತಪ್ಪು ಅಂತ ಹೇಳಲಾರೆ. ಲೆಕ್ಕ ನೋಡಿ. ಟ್ರೆಡ್‌ಮಿಲ್ಲಿಗೆ ಬರುವುದು ಪಿಜೆ ಬೆಲ್ಟ್, ಏಣಿನಿಂದ ಏಣಿಗೆ 2.34 ಮಿಮೀ. ಕಾರಿಗೆ ಬರುವುದು ಪಿಕೆ, ಏಣಿನಿಂದ ಏಣಿಗೆ 3.56 ಮಿಮೀ. ಆರು ಏಣಿನ ಪಿಜೆ ಅಗಲ 14 ಮಿಮೀ, ನಾಲ್ಕು ಏಣಿನ ಪಿಕೆಯದೂ ಹೆಚ್ಚುಕಡಿಮೆ ಅಷ್ಟೇ! ಅಗಲ ಮಾತ್ರ ನೋಡಿದರೆ ಎರಡೂ ಒಂದೇ ಅನಿಸುತ್ತದೆ. ಪುಲ್ಲಿ ಮೇಲೆ ಹಾಕಿದಾಗ ಏಣು ಗೀರಿಗೆ ಇಳಿಯಲೇ ಇಲ್ಲ. ಗೀರಿನ ತುದಿಗಳ ಮೇಲೆ ಸವಾರಿ ಮಾಡಿ, ಗರಗರ ಅಂದು, ಏಣುಗಳನ್ನು ಕಿತ್ತುಕೊಂಡು ನಿಂತಿತು. ಆಮೇಲೆ ಫೋನ್ ಬಂತು.

ಸೀಮೆಸುಣ್ಣದ ಗೆರೆ

'ತಮ್ಮಾ, ಒಂದು ಬೆಲ್ಟ್ ತಂದು ಹಾಕಿ ಹೋಗು, ಅಷ್ಟ ಸಾಕು' ಎಂದರು. ನಾನು ಬೆಲ್ಟ್ ತರದೇ ಹೋದೆ. ಜಾರುತ್ತಿರುವುದು ಯಾವುದು ಅಂತ ಇನ್ನೂ ಯಾರೂ ನೋಡಿರಲಿಲ್ಲ.

ಟ್ರೆಡ್‌ಮಿಲ್ಲಿನಲ್ಲಿ ಜಾರುವ ಜಾಗ ಎರಡು. ಮೋಟರಿಗೂ ಮುಂದಿನ ರೋಲರಿಗೂ ನಡುವೆ ಡ್ರೈವ್ ಬೆಲ್ಟ್ ಜಾರಬಹುದು. ಮುಂದಿನ ರೋಲರಿನ ಮೇಲೆ ನಡೆಯುವ ಬೆಲ್ಟ್ ಜಾರಬಹುದು. ಕಾಲಿಗೆ ಎರಡೂ ಒಂದೇ ಥರ ಗೊತ್ತಾಗುತ್ತದೆ. ಮೋಟರೇ ತಡೆದು ನಿಲ್ಲುತ್ತಿದ್ದರೆ ಅದು ಬೇರೆಯೇ ರೋಗ, ಆಗ ಕಂಟ್ರೋಲ್ ಬೋರ್ಡು, ವೋಲ್ಟೇಜು ನೋಡಬೇಕು.

ಹಳೆ ಬೆಲ್ಟನ್ನೇ ಮತ್ತೆ ಹಾಕಿದೆ. ಮೋಟರಿನ ಪುಲ್ಲಿ, ರೋಲರಿನ ಪುಲ್ಲಿ, ನಡೆಯುವ ಬೆಲ್ಟಿನ ಅಂಚು, ಮೂರಕ್ಕೂ ಸೀಮೆಸುಣ್ಣದಿಂದ ಒಂದೊಂದು ಗೆರೆ ಎಳೆದೆ. ಮುಚ್ಚಳ ತೆಗೆದೇ, ತೀರಾ ನಿಧಾನಕ್ಕೆ ಓಡಿಸಿದೆ. ಮಾಲಕರು ಎರಡೂ ಕಂಬಿ ಗಟ್ಟಿ ಹಿಡಿದು ಕಾಲಿನಿಂದ ಬೆಲ್ಟನ್ನು ತಡೆದರು. ನಾನು ದೂರ ನಿಂತು ನೋಡಿದೆ. ಓಡುವ ಪುಲ್ಲಿಯ ಹತ್ತಿರ ಕೈ, ಲುಂಗಿ, ಟವೆಲ್ ಏನೂ ಬರಬಾರದು. ಮಕ್ಕಳನ್ನು ಮೊದಲೇ ಒಳಗೆ ಕಳಿಸಿದ್ದೆವು.

ಮೋಟರಿನ ಗೆರೆ ತಿರುಗುತ್ತಲೇ ಇತ್ತು. ರೋಲರಿನ ಗೆರೆ ನಿಂತಿತ್ತು. ನಡೆಯುವ ಬೆಲ್ಟಿನ ಗೆರೆ ರೋಲರಿನ ಜೊತೆಗೇ ನಿಂತಿತ್ತು. ಅಂದರೆ ಡ್ರೈವ್ ಬೆಲ್ಟೇ ಜಾರುತ್ತಿತ್ತು. ಹಿಂದಿನ ಬೋಲ್ಟ್ ಅಷ್ಟು ಬಿಗಿ ಮಾಡಿದ್ದು ಸುಮ್ನೆ. ಮೊದಲು ಅವನ್ನು ಕಾಲು ಕಾಲು ಸುತ್ತು, ಎರಡೂ ಕಡೆ ಸಮನಾಗಿ ಸಡಿಲಿಸಿದೆ.

ಸರಿಯಾದ ಬೆಲ್ಟ್

ಹಳೆ ಬೆಲ್ಟಿನ ಬೆನ್ನ ಮೇಲಿನ ನಂಬರ್ ಪೇಸ್ಟಿನಲ್ಲಿ ಮುಳುಗಿತ್ತು. ಒರೆಸಿದಾಗ ಕೊನೆಯ 'ಜೆ6' ಮಾತ್ರ ಸಿಕ್ಕಿತು. ಜೆ ಅಂದರೆ ಏಣಿನ ಜಾತಿ, 6 ಅಂದರೆ ಏಣುಗಳ ಸಂಖ್ಯೆ. ಅದರ ಮುಂದೆ ಇರಬೇಕಾದದ್ದು ಉದ್ದ, ಇಂಚಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ. ಹಳೆ ಬೆಲ್ಟನ್ನೇ ಅಳೆಯಬಹುದಿತ್ತು, ಆದರೆ ಅದು ಸವೆದು ಎಳೆದುಕೊಂಡಿರುತ್ತದೆ. ಮೋಟರನ್ನು ಅದರ ಬೋಲ್ಟಿನ ಸಂದಿಯ ನಡುವಿಗೆ ತಂದು ನಿಲ್ಲಿಸಿ, ಎರಡೂ ಪುಲ್ಲಿ ಸುತ್ತ ಗಟ್ಟಿ ನೂಲು ಸುತ್ತಿ ಅಳೆದೆವು. ಆ ಮನೆಯಲ್ಲಿ ನೂಲಿಗೇನು ಬರ! 610 ಮಿಮೀ ಹತ್ತಿರ ಬಂತು. 24 ಇಂಚು, ಅಂದರೆ 240ಜೆ6. ಅದನ್ನೇ ಮೆಟ್ರಿಕ್ ಲೆಕ್ಕದಲ್ಲಿ 6ಪಿಜೆ610 ಅನ್ನುತ್ತಾರೆ. ಅಂಗಡಿಗೆ ಎರಡೂ ಹೆಸರು ಹೇಳಬೇಕು. ಕೆಲವರಿಗೆ ಒಂದು ಗೊತ್ತಿದ್ದರೆ ಇನ್ನೊಂದು ಗೊತ್ತಿರುವುದಿಲ್ಲ.

ವಾಷಿಂಗ್ ಮಷೀನಿನ ಬೆಲ್ಟುಗಳಲ್ಲಿ ಬಹಳಷ್ಟು ಇದೇ ಪಿಜೆ ಜಾತಿಯವು. ಆದರೆ ಸಾಮಾನ್ಯವಾಗಿ ಒಂದು ಮೀಟರ್ ಮೇಲಿರುತ್ತವೆ, ಇಲ್ಲಿಗೆ ಆಗುವುದಿಲ್ಲ. ನಮ್ಮ ಕಡೆ ಇಷ್ಟು ಗಿಡ್ಡದ್ದು ಸಿಗಲಿಲ್ಲ. ಬೆಳಗಾವಿಯ ಉದ್ಯಮಬಾಗದಲ್ಲಿ ಕಾರ್ಖಾನೆಗಳಿಗೆ ಬೇರಿಂಗ್, ಬೆಲ್ಟ್ ಮಾರುವ ಅಂಗಡಿಗಳಿವೆ. ಅಲ್ಲಿಂದ ತರಿಸಿದೆವು. ಕೆಲವು ನೂರು ರೂಪಾಯಿ. ಟ್ರೆಡ್‌ಮಿಲ್ ಬಿಡಿಭಾಗ ಅಂತ ಕೇಳಿದರೆ ಒಂದು ಬೆಲೆ, ಪಿಜೆ ಬೆಲ್ಟ್ ಅಂತ ಕೇಳಿದರೆ ಇನ್ನೊಂದು ಬೆಲೆ ಅನ್ನುವುದು ನನ್ನ ಅನುಭವ.

ಹಾಕಿದ್ದು

ಸೇಫ್ಟಿ ಕೀ ಕಿತ್ತರೆ ಸಾಲದು, ಗೋಡೆಯ ಪ್ಲಗ್ಗನ್ನೇ ಕಿತ್ತೆವು. ಕಂಟ್ರೋಲ್ ಬೋರ್ಡಿನ ಕೆಪಾಸಿಟರ್‌ಗಳಲ್ಲಿ ಕರೆಂಟ್ ಸ್ವಲ್ಪ ಹೊತ್ತು ಉಳಿದಿರುತ್ತದೆ. ಅದಕ್ಕೇ ಚಹಾ ಕುಡಿದು ಬಂದೆವು. ಬಿಚ್ಚುವ ಮುಂಚೆ ಫೋನಿನಲ್ಲಿ ಫೋಟೋ ತೆಗೆದೆ.

ಜಾಸ್ತಿ ಹೊತ್ತು ಹಿಡಿದದ್ದು ಪೇಸ್ಟ್ ತೆಗೆಯುವುದು. ಹಳೆ ಟೂತ್‌ಬ್ರಶ್, ಮರದ ಕಡ್ಡಿ, ಬಟ್ಟೆಗೆ ಸ್ವಲ್ಪ ಸ್ಪಿರಿಟ್. ಮಗ ಪೆಟ್ರೋಲ್ ತರಲು ಹೊರಟಿದ್ದ, ಬೇಡ ಅಂದೆ. ಮುಚ್ಚಿದ ಪಡಸಾಲೆ, ಪಕ್ಕದಲ್ಲೇ ನೂಲು. ಗೀರಿನ ತಳ ಹೊಳೆಯುವವರೆಗೆ ಉಜ್ಜಿದೆವು. ಹೊಸ ಬೆಲ್ಟ್ ಹಾಕಿ ಗೀರು ಕೊಳಕು ಬಿಟ್ಟರೆ ಅದೂ ಹಾಳಾಗುತ್ತದೆ.

ಮುಂದಿನದು ಎರಡು ಪುಲ್ಲಿ ಒಂದೇ ನೇರಕ್ಕೆ ಇರಬೇಕಾದ ವಿಷಯ. ನಾನು ಸ್ಟೀಲ್ ಪಟ್ಟಿ ಹಿಡಿದು ಒದ್ದಾಡುತ್ತಿದ್ದೆ. ಮಾಲಕರು ಕೈಯಲ್ಲಿದ್ದ ನೂಲನ್ನೇ ಮೋಟರಿನ ಮೊದಲ ಗೀರಿನಿಂದ ರೋಲರಿನ ಮೊದಲ ಗೀರಿಗೆ ಬಿಗಿಯಾಗಿ ಹಿಡಿದರು. ನೂಲು ರೋಲರಿನ ಗೀರಿಗೆ ನೇರ ಇಳಿಯದೇ ಒಂದು ಗೋಡೆಗೆ ತಾಗುತ್ತಿತ್ತು. 'ನೂಲು ಸುಳ್ಳ ಹೇಳಂಗಿಲ್ಲ ತಮ್ಮಾ, ಮೋಟರ ಓರೆ ಐತಿ' ಎಂದರು. ಹೌದು. ಬಿಗಿ ಮಾಡುವ ಬೋಲ್ಟು ಒಂದೇ ಕಡೆ ಇರುವುದರಿಂದ ಎಳೆದಾಗ ಮೋಟರ್ ಸ್ವಲ್ಪ ತಿರುಚಿಕೊಂಡಿತ್ತು. ಪೇಸ್ಟಿನ ವಿಷಯದಲ್ಲಿ ಕೈಕೊಟ್ಟ ಮಗ್ಗದ ಬುದ್ಧಿ ಇಲ್ಲಿ ನನ್ನ ಪಟ್ಟಿಗಿಂತ ಚುರುಕಾಗಿ ಕೆಲಸ ಮಾಡಿತು. ಮೋಟರಿನ ನಾಲ್ಕೂ ಬೋಲ್ಟ್ ಸಡಿಲಿಸಿ, ನೂಲು ನೋಡುತ್ತಲೇ ಕೂರಿಸಿದೆವು.

ಬೆಲ್ಟನ್ನು ಮೊದಲು ಚಿಕ್ಕ ಪುಲ್ಲಿಗೆ ಪೂರ್ತಿ, ದೊಡ್ಡದಕ್ಕೆ ಅರ್ಧ ಸಿಕ್ಕಿಸಿ, ರೋಲರನ್ನು ಕೈಯಿಂದಲೇ ತಿರುಗಿಸುತ್ತಾ ಏರಿಸಿದೆ. ಮೋಟರ್ ಓಡಿಸಿ ಏರಿಸುವವರೂ ಇದ್ದಾರೆ, ಬೆರಳು ಹೋಗುತ್ತದೆ. ಏರಿದ ಮೇಲೆ ಆರೂ ಏಣು ಆರೂ ಗೀರಿನಲ್ಲಿವೆಯೇ ಅಂತ ಎರಡೂ ಪುಲ್ಲಿಯಲ್ಲಿ ಎಣಿಸಿ ನೋಡಬೇಕು. ಒಂದು ಗೀರು ಪಕ್ಕಕ್ಕೆ ಕೂತರೂ ಮೇಲ್ನೋಟಕ್ಕೆ ಗೊತ್ತಾಗುವುದಿಲ್ಲ. ಬಿಗಿ ಎಷ್ಟು? ಎರಡು ಪುಲ್ಲಿಯ ನಡುವೆ ಬೆಲ್ಟನ್ನು ಎರಡು ಬೆರಳಲ್ಲಿ ಹಿಡಿದು ತಿರುಚಿದರೆ ಸುಮಾರು ಅರ್ಧ ಲಂಬಕೋನ ತಿರುಗಬೇಕು. ಸಲೀಸಾಗಿ ಪೂರ್ತಿ ಅಡ್ಡ ತಿರುಗಿದರೆ ಸಡಿಲ. ಅಲುಗದಿದ್ದರೆ ಅತಿ ಬಿಗಿ, ಆಗ ಮೋಟರಿನ ಬೇರಿಂಗ್ ತಿನ್ನುತ್ತದೆ. ರೋಲರಿನ ಪುಲ್ಲಿಯ ಆಯಸ್ಕಾಂತ ಮತ್ತು ಅದರೆದುರಿನ ವೇಗದ ಸೆನ್ಸರ್ ಮೊದಲಿದ್ದಷ್ಟೇ ಅಂತರದಲ್ಲಿವೆಯೇ ಅಂತಲೂ ನೋಡಿದೆ. ಅದು ತಪ್ಪಿದರೆ ಮಷೀನು ಓಡಿದ ಹಾಗೆ ಮಾಡಿ ಎರರ್ ತೋರಿಸಿ ನಿಲ್ಲುತ್ತದೆ.

ಓಡಿಸಿದೆವು. ಮಾಲಕರು ಹತ್ತಿ ನಡೆದರು. ಜಾರಲಿಲ್ಲ, ಸದ್ದಿಲ್ಲ, ವಾಸನೆಯಿಲ್ಲ.

ಆಯ್ತು ಬಿಡು ಅನ್ನುವ ಹೊತ್ತು

ಬಹಳ ರಿಪೇರಿಗಳು ಇಲ್ಲಿಗೇ ಮುಗಿಯುತ್ತವೆ. ಮಾಲಕರಿಗೂ ಸಾಕಾಗಿತ್ತು. ನನಗೆ ಹೆಂಡತಿ-ಗಂಡನ ವ್ಯತ್ಯಾಸ ತಲೆಯಿಂದ ಹೋಗಿರಲಿಲ್ಲ. ಬರೀ ಸವೆದ ಬೆಲ್ಟ್ ಆಗಿದ್ದರೆ ಹಗುರ ಇದ್ದವರಿಗೂ ಒಮ್ಮೊಮ್ಮೆಯಾದರೂ ಜಾರಬೇಕಿತ್ತು. ಭಾರ ಬಿದ್ದಾಗ ಮಾತ್ರ ಜಾರುತ್ತದೆ, ಅದೂ ನಿಧಾನ ನಡೆದಾಗ. ನಿಧಾನ ನಡೆಯುವಾಗ ಒಂದೊಂದು ಹೆಜ್ಜೆಯ ಭಾರ ನಡೆಯುವ ಬೆಲ್ಟಿನ ಕೆಳಗಿನ ಹಲಗೆಯ ಮೇಲೆ ಜಾಸ್ತಿ ಹೊತ್ತು ಇರುತ್ತದೆ, ಮೋಟರಿನ ಫ್ಲೈವೀಲಿಗೂ (ಓಟ ಕಾಯುವ ಭಾರದ ಚಕ್ರ) ಓಟದ ಬಲ ಇರುವುದಿಲ್ಲ. ಕೆಳಗೆ ಎಲ್ಲೋ ಘರ್ಷಣೆ ಅತಿಯಾಗಿದೆ ಅನ್ನುವ ಲಕ್ಷಣ ಇದು.

ಕ್ಲಾಂಪ್ ಮೀಟರ್ ತೆಗೆದೆ, ವೈರಿನ ಸುತ್ತ ಹಿಡಿಸಿ ಕರೆಂಟ್ ಅಳೆಯುವಂಥದ್ದು. ಎರಡೂ ವೈರಿಗೆ ಒಟ್ಟಿಗೆ ಹಾಕಿದರೆ ಸೊನ್ನೆ ತೋರಿಸುತ್ತದೆ, ಒಂದೇ ವೈರಿಗೆ ಹಾಕಬೇಕು. ಅದಕ್ಕೆಂದೇ ವೈರು ಬಿಡಿಸಿದ ಎಕ್ಸ್‌ಟೆನ್ಶನ್ ಇಟ್ಟುಕೊಂಡಿದ್ದೇನೆ. ಮಾಲಕರು ಗಂಟೆಗೆ 4 ಕಿಮೀ ವೇಗದಲ್ಲಿ ನಡೆದಾಗ ಪ್ರತಿ ಹೆಜ್ಜೆಗೂ 6 ಆಂಪಿಯರ್ ದಾಟುತ್ತಿತ್ತು. ಅವರ ಹೆಂಡತಿ ನಡೆದಾಗ ಅದರ ಅರ್ಧ ಚಿಲ್ಲರೆ. ಹತ್ತು ನಿಮಿಷಕ್ಕೆ ಕಂಟ್ರೋಲ್ ಬೋರ್ಡಿನ ಬಿಸಿ ಹೊರಹಾಕುವ ಅಲ್ಯುಮಿನಿಯಂ ತುಂಡು ಮುಟ್ಟಲಾರದಷ್ಟು ಕಾದಿತ್ತು. ಪ್ಲಗ್ಗಿನ ವೋಲ್ಟೇಜ್ ಸರಿಯಿತ್ತು.

ಈಗ ಬೆಲ್ಟ್ ಜಾರುತ್ತಿಲ್ಲ. ಅಂದರೆ ಆ ಭಾರವೆಲ್ಲ ಇನ್ನು ಮೋಟರಿಗೂ ಬೋರ್ಡಿಗೂ ಹೋಗುತ್ತದೆ. ಹಳೆ ಬೆಲ್ಟ್ ಜಾರಿ ಜಾರಿ ಅವನ್ನು ಉಳಿಸಿತ್ತು ಅಂದರೂ ನಡೆಯುತ್ತದೆ. ಇದನ್ನು ಹೇಳಿದಾಗ ಮಾಲಕರು, 'ಓಡಾಕತ್ತೈತಿ, ಓಡಲಿ ಬಿಡಪಾ' ಎಂದರು. ಮಾತು ಬೆಳೆಸದೆ ಪ್ಲಗ್ ಕಿತ್ತು, ಡ್ರೈವ್ ಬೆಲ್ಟ್ ಇಳಿಸಿ, ನಡೆಯುವ ಬೆಲ್ಟನ್ನು ಕೈಯಿಂದ ಎಳೆದು ನೋಡಿ ಅಂದೆ. ಮೇಲೆ ಯಾರೂ ಇಲ್ಲದಿದ್ದರೂ ಎರಡು ಕೈ ಹಾಕಿ ಎಳೆಯಬೇಕಾಯಿತು. ಮಗ್ಗದ ಬೀಮು (ನೂಲು ಸುತ್ತಿದ ಉರುಳೆ) ಎಷ್ಟು ಸಲೀಸಾಗಿ ತಿರುಗಬೇಕು ಅಂತ ಗೊತ್ತಿದ್ದವರು, ಮುಂದೆ ಒಂದು ಮಾತೂ ಆಡದೆ ಅಲೆನ್ ಕೀ ಕೈಗೆ ಕೊಟ್ಟರು.

ಹಲಗೆಯ ಮೇಲೆ ಸಿಕ್ಕಿದ್ದು

ಹಿಂದಿನ ರೋಲರ್ ಸಡಿಲಿಸಿ ನಡೆಯುವ ಬೆಲ್ಟನ್ನು ಎತ್ತಿದೆವು. ಹಲಗೆ ಕಾಣಲಿಲ್ಲ. ಅದರ ಮೇಲೆ ಬೂದು ಬಣ್ಣದ ತೆಳು ಹಾಳೆ ಅಂಟಿತ್ತು. ಉಗುರಿನಿಂದ ಎಬ್ಬಿಸಿದರೆ ಚಪಾತಿ ಅಗಲದ ತುಂಡು ಎದ್ದು ಬಂತು. ಮಗ್ಗದಿಂದ ಹಾರಿದ ನೂಲಿನ ದೂಳು ವರ್ಷವಿಡೀ ಬೆಲ್ಟಿನ ಕೆಳಗೆ ಸೇರಿ, ಅಲ್ಲಿದ್ದ ಸಿಲಿಕೋನ್ ಎಣ್ಣೆಯನ್ನೆಲ್ಲ ಹೀರಿ, ಹೆಜ್ಜೆಯಡಿ ತುಳಿದು ತುಳಿದು ಕಂಬಳಿ ಥರ ಒತ್ತಿಕೊಂಡಿತ್ತು. ಬೆಳಕಿಗೆ ಹಿಡಿದರೆ ಒಳಗೆ ಕೆಂಪು, ಹಸಿರು ಎಳೆಗಳು. ಯಾವ ಸೀರೆಯ ಯಾವ ಅಂಚಿನದು ಅಂತ ಮಾಲಕರ ಹೆಂಡತಿ ಗುರುತು ಹಿಡಿದು ಹೇಳಿದರು!

ಎಣ್ಣೆ ಹಾಕುತ್ತಿದ್ದಿರಾ ಅಂತ ಕೇಳಿದೆ. ಹಾಕುತ್ತಿದ್ದರು, ಪುಣೆಯವರು ಕೊಟ್ಟ ಸಿಲಿಕೋನ್ ಬಾಟಲಿಯಿಂದಲೇ. ಮಗ್ಗದ ಎಣ್ಣೆ ಹಾಕದಿದ್ದದ್ದು ಪುಣ್ಯ, ಪೆಟ್ರೋಲಿಯಂ ಎಣ್ಣೆಗೆ ಬೆಲ್ಟ್ ಉಬ್ಬಿ ಹಾಳಾಗುತ್ತದೆ. ಆದರೆ ಒರೆಸದೇ ಮೇಲಿಂದ ಮೇಲೆ ಹಾಕಿದ ಎಣ್ಣೆ ದೂಳಿಗೇ ಊಟವಾಗಿತ್ತು.

ಕಿತ್ತು ಒರೆಸಿದ ಮೇಲೆ ಹಲಗೆಯ ನಡುವೆ, ಕಾಲು ಬೀಳುವ ಎರಡು ಕಡೆ, ಮೇಲಿನ ನುಣುಪು ಪದರ ಸವೆದು ಮರ ಕಾಣುತ್ತಿತ್ತು. ಹೊಸ ಹಲಗೆ ತರಿಸುವುದೇ? ತಿರುಗಿಸಿ ನೋಡಿದರೆ ಕೆಳಮೈಗೂ ಅದೇ ಪದರ ಇತ್ತು. ಎಲ್ಲ ಮಾದರಿಯಲ್ಲೂ ಹೀಗಿರುವುದಿಲ್ಲ. ಇಲ್ಲಿ ಇತ್ತು, ಹಲಗೆ ಮಗುಚಿ ಹಾಕಿದೆವು. ನಡೆಯುವ ಬೆಲ್ಟಿನ ಒಳಮೈ ಕೆಲವು ಕಡೆ ನುಣ್ಣಗಾಗಿದ್ದರೂ ನೇಯ್ಗೆ ಉಳಿದಿತ್ತು. ಅದನ್ನು ಬದಲಿಸಿದರೆ ಖರ್ಚು ಸಾವಿರಗಳಿಗೆ ಹೋಗುತ್ತಿತ್ತು. ಹಾಗಾಗಿ ಒಣ ಬ್ರಶ್ಶಿನಿಂದ ಉಜ್ಜಿ, ಹಲಗೆಗೆ ಹೊಸದಾಗಿ ಸಿಲಿಕೋನ್ ಸವರಿ, ಮೀಟರ್ ಏನು ಹೇಳುತ್ತದೋ ನೋಡಿ ತೀರ್ಮಾನಿಸೋಣ ಅಂದೆ. ಒಂದು ಮಾತು, ಮೇಣ ಹಚ್ಚಿದ ಕೆಲವು ಹಲಗೆಗಳಿಗೆ ಎಣ್ಣೆ ಹಾಕಲೇಬಾರದು. ಆ ಮಾದರಿಯ ಸೂಚನೆ ನೋಡಿಯೇ ಹಾಕಬೇಕು.

ಮೀಟರ್ 3 ಆಂಪಿಯರ್ ಆಸುಪಾಸು ತೋರಿಸಿತು. ಅದೇ ಮಾಲಕರು, ಅದೇ ವೇಗ. ಬೋರ್ಡು ಉಗುರು ಬೆಚ್ಚಗಿತ್ತು ಅಷ್ಟೇ. ನಡೆಯುವ ಬೆಲ್ಟಿನ ಖರ್ಚು ಸದ್ಯಕ್ಕೆ ಬೇಡ ಅಂತಾಯಿತು.

ಆಮೇಲೆ

ಮಷೀನು ಪಡಸಾಲೆಯಿಂದ ಮಾಳಿಗೆಗೆ ಹೋಯಿತು. ಇದಕ್ಕೆ ಮಾಲಕರು ಒಪ್ಪಲು ಹೊತ್ತು ಹಿಡಿಯಿತು. ಅಲ್ಲಿ ದೊಡ್ಡ ಪ್ಲಗ್ಗಿಗೆ ಹೊಸ ವೈರು ಎಳೆಸಬೇಕಿತ್ತು, ಅದರ ಖರ್ಚು ಬೆಲ್ಟಿಗಿಂತ ಜಾಸ್ತಿ. ಆದರೆ ದೂಳು ಬರುವ ಜಾಗದಲ್ಲೇ ಬಿಟ್ಟಿದ್ದರೆ ಮುಂದಿನ ವರ್ಷ ಮತ್ತೆ ಕಂಬಳಿ ಕೀಳಬೇಕಿತ್ತು, ಅಲ್ವಾ? ಮೋಟರಿನ ಮೇಲೆ, ಕಾಯುವ ಬೋರ್ಡಿನ ಮೇಲೆ ನೂಲಿನ ದೂಳು ಕೂತರೆ ಬೆಂಕಿಯ ಭಯವೂ ಇದೆ. ಕೊನೆಗೆ ಒಪ್ಪಿಸಿದ್ದು ಆ ಮಾತೇ. ಮಗ್ಗದ ಊರಿನವರಿಗೆ ನೂಲಿಗೆ ಬೆಂಕಿ ತಗುಲುವುದು ಏನೆಂದು ಬಿಡಿಸಿ ಹೇಳಬೇಕಿಲ್ಲ.

ಕೆಲವು ವಾರದ ಮೇಲೆ ಶುರುವಿನಲ್ಲಿ ಕೀಚ್ ಅನ್ನುತ್ತದೆ ಅಂತ ಫೋನ್ ಬಂತು. ಹೊಸ ಬೆಲ್ಟ್ ಗೀರಿನಲ್ಲಿ ಕೂತು ಸ್ವಲ್ಪ ಸಡಿಲವಾಗುವುದು ಸಹಜ. ಪ್ಲಗ್ ಕಿತ್ತು, ಬಿಗಿ ಮಾಡುವ ಬೋಲ್ಟನ್ನು ತುಸುವೇ ತಿರುಗಿಸಿ, ಮತ್ತೆ ನೂಲು ಹಿಡಿದು ನೇರ ನೋಡಿ ಅಂದೆ. ಅವರೇ ಮಾಡಿದರು, ಸರಿಹೋಯಿತು. 'ಪೇಸ್ಟಿನ ಡಬ್ಬಿ ನಾ ಮುಚ್ಚಿಟ್ಟೇನಿ' ಎಂದು ಹಿಂದಿನಿಂದ ಅವರ ಹೆಂಡತಿ ಹೇಳಿದ್ದು ಫೋನಿನಲ್ಲಿ ಕೇಳಿಸಿತು.

ಈಗ ಯಾರಾದರೂ ಟ್ರೆಡ್‌ಮಿಲ್ ಬೆಲ್ಟ್ ಜಾರುತ್ತದೆ ಅಂತ ಫೋನ್ ಮಾಡಿದರೆ ಹೋಗುವ ಮುಂಚೆ ಕೇಳುವುದು ಇಷ್ಟು. ಮನೆಯಲ್ಲಿ ಎಲ್ಲರಿಗೂ ಜಾರುತ್ತದೋ, ಒಬ್ಬರಿಗೋ? ನಿಧಾನದಲ್ಲೋ, ಜೋರಿನಲ್ಲೋ? ಮಷೀನು ಯಾವ ಕೋಣೆಯಲ್ಲಿದೆ? ಬೆಲ್ಟಿನ ಕೆಳಗೆ ಕೈ ಹಾಕಿ ಒರೆಸಿ ಎಷ್ಟು ದಿನವಾಯಿತು? ಏನಾದರೂ ಹಚ್ಚಿದ್ದೀರಾ? ಕೊನೆಯ ಪ್ರಶ್ನೆಗೆ ಮೊದಲು ಇಲ್ಲ ಅಂತಲೇ ಉತ್ತರ ಬರುತ್ತದೆ, ಎರಡನೇ ಸಲ ಕೇಳಬೇಕು.

ಈ ಮಷೀನಿನಲ್ಲಿ ಒಂದು ಬಾಕಿ ಉಳಿದಿದೆ. ಕಾರಿನ ಬೆಲ್ಟನ್ನು ಹಿಡಿಸಲೆಂದು ಮೋಟರನ್ನು ವಿಪರೀತ ಎಳೆದು ಬಿಗಿ ಮಾಡಿದ್ದರಿಂದ ಅದರ ಒಂದು ಬೇರಿಂಗ್ ಸಣ್ಣಗೆ ಗುಂಯ್ ಅನ್ನುತ್ತದೆ. ಡ್ರೈವ್ ಬೆಲ್ಟ್ ಇಳಿಸಿ ಮೋಟರನ್ನು ಕೈಯಲ್ಲಿ ತಿರುಗಿಸಿದರೆ ಒರಟು ಗೊತ್ತಾಗುತ್ತದೆ. ಸದ್ದು ಹೆಚ್ಚಿದರೆ ಮೋಟರ್ ಬಿಚ್ಚಿ ಆ ಬೇರಿಂಗ್ ಬದಲಿಸುವುದು ಅಂತ ಮಾತಾಗಿದೆ. ಅಲ್ಲಿಯವರೆಗೆ ತಿಂಗಳಿಗೊಮ್ಮೆ ಮೀಟರ್ ಹಾಕಿ ಆಂಪಿಯರ್ ಬರೆದಿಡುವ ಕೆಲಸ ಮಗನದು.